ಹೊಸ್ತಿಲ ನೀರು

ಪ್ಲೊವ್ದಿವ್
ಫೆಬ್ರುವರಿ 12

ಮಹಾಜನಗಳೇ, ರಸಿಕ ಶಿಖಾಮಣಿಗಳೇ, ಮುಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತ ದೊಡ್ಡಮನುಷ್ಯರೇ, ಮೇಲಿನ ಗ್ಯಾಲರಿಯಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಿರುವ ಪುಣ್ಯಾತ್ಮರೇ, ಸದ್ದು ನಿಲ್ಲಲಿ! ಪರದೆ ಏಳುತ್ತಿದೆ!

ವಾಂಗೆಲ್, ಈ ಸಭೆಯಲ್ಲಿ ಕೂತಿರುವವನು ನೀನೊಬ್ಬನೇ ಎಂಬುದು ನನಗೆ ಗೊತ್ತು. ಆದರೆ ತುಂಬಿದ ಸಭೆಗೆ ನಲವತ್ತು ವರ್ಷ ಮಾತಾಡಿದ ಗಂಟಲು ಒಬ್ಬನಿಗೆ ಮಾತಾಡುವುದನ್ನು ಈಗ ಎಲ್ಲಿ ಕಲಿತೀತು? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಾಲ್ಕು ವರ್ಷದಲ್ಲಿ ಹದಿನೇಳು ಸಲ ಮಾಡಿ ನೋಡಿದ್ದೇನೆ. ಕಾಗದವಾದರೆ ನೀನು ಒಡೆಯದೆ ಇರಲಾರೆ. ಇಪ್ಪತ್ತಾರು ವರ್ಷ ರಂಗದ ಕೆಳಗಿನ ಪೆಟ್ಟಿಗೆಯಲ್ಲಿ ಕೂತು, ಪುಸ್ತಕ ನೋಡಿಕೊಂಡು, ನಮಗೆಲ್ಲ ಮಾತು ಎತ್ತಿಕೊಟ್ಟ ಪ್ರಾಂಪ್ಟರ್ ನೀನು. ಬರೆದದ್ದನ್ನು ಓದದೆ ಬಿಡುವುದು ನಿನ್ನ ಹಣೆಯಲ್ಲಿ ಬರೆದಿಲ್ಲ.

ಸುದ್ದಿ ಕೇಳು. ನನಗೆ ಪಾರ್ಕಿನ್ಸನ್ ಕಾಯಿಲೆಯಂತೆ. ಕೈನಡುಕ ಅಷ್ಟಿಲ್ಲ. ಕಾಲು ಮಾತ್ರ ಬಾಗಿಲು ಕಂಡರೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಬಯಲಲ್ಲಿ ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಬಾಗಿಲು ಬಂತೋ, ಮೊಳೆ ಹೊಡೆದ ಹಾಗೆ. ಮೊನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತವನು ಮೇಜಿನ ಮೇಲಿನ ಸೂಪು ಆರಿ ಹೋಗುವ ತನಕ ನಿಂತೇ ಇದ್ದೆ. ಅಕ್ಕ ಗಿನ್ಕಾ ಬಂದು ಬೆನ್ನಿಗೆ ಕೈಕೊಟ್ಟು ತಳ್ಳಬೇಕಾಯಿತು. ರಾಜಪಾತ್ರದ ಸ್ತಾಮೆನ್, ಅಕ್ಕನ ಕೈಯಲ್ಲಿ ತಳ್ಳುಗಾಡಿ. ನನಗೆ ಬೇರೆ ಆಸೆಯಿಲ್ಲ ಕಣಯ್ಯ, ಒಂದು ಬಾಗಿಲನ್ನು ಯಾರೂ ತಳ್ಳದೆ ದಾಟಬೇಕು.

ಅದಕ್ಕೇ ಅಕ್ಕನ ಮನೆಗೆ, ಈ ಊರಿಗೆ ಬಂದಿದ್ದೇನೆ. ಇಲ್ಲಿಯ ವಿಶ್ವವಿದ್ಯಾಲಯದ ಫಿಸಿಯೋಥೆರಪಿ ವಿಭಾಗದಲ್ಲಿ ಪ್ರೊಫೆಸರ್ ಮಿಲೆವಾ ಅಂತ ಒಬ್ಬರು. ಅವರ ಕೈಕೆಳಗೆ ಕೊನೆಯ ವರ್ಷದ ವಿದ್ಯಾರ್ಥಿನಿ ರಾಲಿತ್ಸಾ. ಆ ಹುಡುಗಿಯ ಪ್ರಬಂಧಕ್ಕೆ ನನ್ನಂಥ ಹನ್ನೆರಡು ಜನ ಬೇಕಂತೆ. ತಾಳಯಂತ್ರದ ಟಿಕ್ ಟಿಕ್ ಸದ್ದಿಗೆ ಮೂರು ತಿಂಗಳು ನಮ್ಮನ್ನು ನಡೆಸುತ್ತಾರೆ. ಮೊದಲೊಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಅಳೆಯುತ್ತಾರೆ. ಬಾಗಿಲಲ್ಲಿ ಕಾಲು ಸಿಕ್ಕಿಕೊಳ್ಳುವುದು ಕಡಿಮೆಯಾಯಿತೇ ಎಂದು ನೋಡುತ್ತಾರೆ. ಹನ್ನೆರಡರಲ್ಲಿ ನಾನೊಬ್ಬ.

ನಿನ್ನೆ ಮೊದಲ ಅಳತೆ. ಹೊರಡುವಾಗ ಅಕ್ಕ ತಾಮ್ರದ ಚೆಂಬು ಹಿಡಿದು ಬಂದು, ಪದ್ಧತಿಯಂತೆ ಹೊಸ್ತಿಲಿಗೆ ನೀರು ಚೆಲ್ಲಿ, ಕೆಲಸ ನೀರಿನಂತೆ ಹರಿದು ಹೋಗಲಿ ಎಂದಳು. ಆ ಉಮೇದಿಗೆ ಮನೆಯ ಬಾಗಿಲನ್ನೇ ಸಲೀಸಾಗಿ ದಾಟಿದೆ ಅನ್ನು. ಅಲ್ಲಿ ನೋಡಿದರೆ ಏನು ವೈಭವ! ಕಾಲಿಗೆ, ಸೊಂಟಕ್ಕೆ ಪಟ್ಟಿ ಕಟ್ಟಿದರು. ಎದುರಿಗೆ ಕ್ಯಾಮೆರಾ. ಗೋಡೆಯುದ್ದಕ್ಕೂ ಹದಿನಾಲ್ಕು ವಿದ್ಯಾರ್ಥಿಗಳು. ಮೊದಲು ಯಾರು ಎಂದು ಕೇಳುವ ಮುನ್ನವೇ ನಾನು ಎದ್ದೆ. ರಾಜ ಎರಡನೆಯವನಾಗಿ ಪ್ರವೇಶಿಸುವುದುಂಟೇ? ಕಾರಿಡಾರಿನಿಂದ ಬಾಗಿಲು ದಾಟಿ, ಕುರ್ಚಿಯಲ್ಲಿ ಕೂತು, ಎದ್ದು ವಾಪಸು. ಎದೆ ಉಬ್ಬಿಸಿದೆ, ಹೆಗಲ ಮೇಲೆ ಇಲ್ಲದ ನಿಲುವಂಗಿಯನ್ನು ಕೊಡವಿದೆ, ನಡೆದೆ. ಹದಿನಾಲ್ಕು ಸೆಕೆಂಡು! ಒಮ್ಮೆಯೂ ನಿಲ್ಲಲಿಲ್ಲ! ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿಬಿಟ್ಟರು. ಪ್ರೊಫೆಸರ್ ಮಾತ್ರ ಕನ್ನಡಕದ ಮೇಲಿಂದ ನೋಡಿ, ಇಲ್ಲಿ ಚಪ್ಪಾಳೆ ತಟ್ಟುವ ಹಾಗಿಲ್ಲ ಅಂದರು.

ದೊಡ್ಡ ಅಕ್ಷರದಲ್ಲಿ ಬರೆಯುವುದೂ ನನಗೆ ಕೊಟ್ಟ ಮನೆಪಾಠ. ಆದ್ದರಿಂದ ಈ ಕಾಗದ ನನ್ನ ಚಿಕಿತ್ಸೆ, ನೀನು ಬೇಸರಪಡುವಂತಿಲ್ಲ. ಆ ಸಂಜೆಯ ಮಾತು ನಾನು ಎತ್ತುವುದಿಲ್ಲ.

ನಿನ್ನ, (ಈ ಪದವನ್ನು ಹೊಡೆದುಹಾಕುವ ಹಕ್ಕು ನಿನ್ನದು)
ಸ್ತಾಮೆನ್


ಸ್ಮೋಲ್ಯಾನ್
ಮಾರ್ಚ್ 1

ಸ್ತಾಮೆನ್,

ಕಾಗದ ಬಂತು. ಮೊದಲ ಸಾಲಿನ ಅಕ್ಷರ ಎಲೆಕೋಸಿನಷ್ಟು, ಕೊನೆಯ ಸಾಲಿನದು ಸಾಸಿವೆಯಷ್ಟು. ನಿನ್ನ ಹುಡುಗಿಗೆ ತೋರಿಸು.

ಆ ಸಂಜೆಯ ಮಾತು ನೀನು ಎತ್ತುವುದಿಲ್ಲ ಎಂದೆ. ಹಾಗಾದರೆ ನಾನು ಎತ್ತುತ್ತೇನೆ. ಎತ್ತಿಕೊಡುವುದೇ ನನ್ನ ಕಸುಬಾಗಿತ್ತು.

ಗಡಿಪಾರಾದ ರಾಜ ಅರಮನೆಗೆ ಹಿಂದಿರುಗುವ ದೃಶ್ಯ. ನೀನು ಬಾಗಿಲು ದಾಟಿ, ಮೇಜಿನ ಬಳಿ ಬಂದು, "ಈ ಹೊಸ್ತಿಲು ನನ್ನದು, ತಡೆಯುವವನು ಯಾರು" ಅನ್ನಬೇಕು. ನೀನು ಬಾಗಿಲಲ್ಲೇ ನಿಂತೆ. ನಾನು ಮಾತು ಕೊಟ್ಟೆ. ಮತ್ತೆ ಕೊಟ್ಟೆ. ಮೂರನೆಯ ಸಲ ಎರಡನೆಯ ಸಾಲಿನವರಿಗೂ ಕೇಳುವಷ್ಟು ಜೋರಾಗಿ ಕೊಟ್ಟೆ. ಜನ ನಗತೊಡಗಿದರು. ಆಗ ನೀನು ಪೆಟ್ಟಿಗೆಯ ಕಡೆ ಬೆರಳು ತೋರಿಸಿ, "ಮಾತು ಕೊಡೋ ಕುಡುಕ" ಎಂದು ಕೂಗಿದೆ. ಮರುವಾರ ನನ್ನನ್ನು ಮನೆಗೆ ಕಳಿಸಿದರು. ನಾನು ಕುಡಿಯುವುದಿಲ್ಲ ಎಂದು ಆ ನಾಟಕಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನೀನೂ ಬಿಡಲಿಲ್ಲ.

ಒಂದು ಪ್ರಶ್ನೆ. ಕಾಲು ಅಂಟಿಕೊಳ್ಳುತ್ತದೆ ಎಂದೆಯಲ್ಲ, ಮೊದಲು ಏಳದಿರುವುದು ಎಡಗಾಲಿನ ಹಿಮ್ಮಡಿಯೇ?

ಇವತ್ತು ಮಾರ್ಚ್ ಒಂದು. ಆರೋಗ್ಯಕ್ಕೆಂದು ಎಲ್ಲರಿಗೂ ಕಟ್ಟುವ ಕೆಂಪು-ಬಿಳಿ ದಾರದಲ್ಲಿ ಒಂದು ಉಳಿದಿತ್ತು, ಲಕೋಟೆಯಲ್ಲಿಟ್ಟಿದ್ದೇನೆ. ಬೇರೆ ಅರ್ಥ ಹಚ್ಚಬೇಡ.

ವಾಂಗೆಲ್


ಪ್ಲೊವ್ದಿವ್
ಮಾರ್ಚ್ 21

ವಾಂಗೆಲ್,

ಇವತ್ತು ಸಭೆ ಖಾಲಿ. ಕೂಗಿ ಕರೆಯುವ ಮನಸ್ಸಿಲ್ಲ. ದಾರ ಮಣಿಕಟ್ಟಿನಲ್ಲಿದೆ.

ಎಡಗಾಲಿನ ಹಿಮ್ಮಡಿಯೇ. ಅದು ನಿನಗೆ ಹೇಗೆ ಗೊತ್ತಾಯಿತು? ನಾನು ಯಾರಿಗೂ ಹೇಳಿರಲಿಲ್ಲ. ರಾಲಿತ್ಸಾ ಅದನ್ನು ಕಂಡುಹಿಡಿದದ್ದು ಹೋದ ವಾರ, ಯಂತ್ರ ನೋಡಿಕೊಂಡು.

ಸೋಮವಾರ ಎರಡನೆಯ ಅಳತೆ ಆಯಿತು. ಐದು ವಾರ ಟಿಕ್ ಟಿಕ್‌ಗೆ ನಡೆದಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ. ಬಾಗಿಲಿಗೆ ಬಂದೆ, ಕಾಲು ನಿಂತಿತು. ಹೋಗುವಾಗ ನಿಂತಿತು, ಬರುವಾಗಲೂ ನಿಂತಿತು. ನಲವತ್ತೊಂದು ಸೆಕೆಂಡು. ಉಳಿದವರೆಲ್ಲ ಅಷ್ಟೋ ಇಷ್ಟೋ ಸುಧಾರಿಸಿದ್ದಾರೆ. ನಾನೊಬ್ಬ ಚಿಕಿತ್ಸೆ ಕೊಟ್ಟಷ್ಟೂ ಕೆಡುತ್ತಿರುವ ಮನುಷ್ಯ. ರಾಲಿತ್ಸಾ ಲೆಕ್ಕದ ಹಾಳೆಯನ್ನು ಮೂರು ಸಲ ಮೇಲಿಂದ ಕೆಳಕ್ಕೆ ಓದಿದಳು. ನನ್ನ ಕಾಲಿನ ಪಟ್ಟಿ ಬಿಚ್ಚುತ್ತ, "ನಾನೇ ಎಲ್ಲೋ ತಪ್ಪಿದ್ದೀನಿ ಮಾಮ" ಅಂದಳು.

ಅವಳು ತಪ್ಪಿಲ್ಲ ವಾಂಗೆಲ್. ನಾನು ಮೊದಲ ದಿನ ನಡೆಯಲಿಲ್ಲ, ನಟಿಸಿದೆ. ಹದಿನಾಲ್ಕು ವಿದ್ಯಾರ್ಥಿಗಳ ಎದುರು ರೋಗಿಯಾಗಿ ನಿಲ್ಲಲು ನಾಚಿಕೆಯಾಯಿತು, ರಾಜನಾಗಿ ನಡೆದುಬಿಟ್ಟೆ. ಆ ಹದಿನಾಲ್ಕು ಸೆಕೆಂಡು ಸುಳ್ಳು. ಅದನ್ನು ಹೇಳಿದರೆ ನನ್ನ ಹೆಸರು ಹೊಡೆದುಹಾಕುತ್ತಾರೆ. ಆಗ ಹನ್ನೆರಡು ಹನ್ನೊಂದಾಗುತ್ತದೆ, ಅವಳ ಪ್ರಬಂಧ ನಿಲ್ಲುತ್ತದೆ, ಬಾಗಿಲು ದಾಟುವ ನನ್ನ ಆಸೆಯೂ ಅಲ್ಲಿಗೆ ಮುಗಿಯುತ್ತದೆ. ಹೇಳದಿದ್ದರೆ ಒಂದು ಹುಡುಗಿ ತನ್ನ ತಪ್ಪೆಂದು ನಂಬಿಕೊಂಡು ಕೂರುತ್ತಾಳೆ.

ಏನು ಮಾಡಲಿ? ಮಾತು ಕೊಡು.

ಸ್ತಾಮೆನ್


ಸ್ಮೋಲ್ಯಾನ್
ಏಪ್ರಿಲ್ 2

ಸ್ತಾಮೆನ್,

ಮಾತು ನಿನಗೆ ಗೊತ್ತಿದೆ. ನಾನು ಕೊಡುವುದಿಲ್ಲ.

ಹಿಮ್ಮಡಿ ಹೇಗೆ ಗೊತ್ತು ಎಂದು ಕೇಳಿದೆ. ಪೆಟ್ಟಿಗೆಯಲ್ಲಿ ಕೂತವನ ಕಣ್ಣು ರಂಗದ ನೆಲದ ಮಟ್ಟಕ್ಕಿರುತ್ತದೆ. ನೀವೆಲ್ಲ ಜನರಿಗೆ ಮುಖ ತೋರಿಸುತ್ತಿದ್ದಿರಿ. ನಾನು ಇಪ್ಪತ್ತಾರು ವರ್ಷ ನೋಡಿದ್ದು ನಿಮ್ಮ ಕಾಲು. ಮಾತನ್ನು ಯಾವ ಹೆಜ್ಜೆಗೆ ಎತ್ತಿಕೊಡಬೇಕೆಂದು ಪುಸ್ತಕದ ಅಂಚಿನಲ್ಲಿ ಹೆಜ್ಜೆ ಎಣಿಸಿ ಬರೆದಿಟ್ಟುಕೊಳ್ಳುತ್ತಿದ್ದೆ. ಪುಸ್ತಕಗಳನ್ನು ನಾಟಕಶಾಲೆಯವರು ಎಸೆಯುವುದರಲ್ಲಿದ್ದರು. ನನ್ನ ಅಟ್ಟದಲ್ಲಿವೆ.

ವಾಂಗೆಲ್


ಪ್ಲೊವ್ದಿವ್
ಏಪ್ರಿಲ್ 13

ಮಹಾಜನಗಳೇ! ಬಾಗಿಲು ಮುಚ್ಚಿಸಿ, ಯಾರೂ ಎದ್ದು ಹೋಗಬಾರದು! ಗ್ಯಾಲರಿಯವರೇ, ಬೀಜ ಕೆಳಗಿಡಿ! ಇಂಥ ಅಂಕವನ್ನು ನೀವು ಕಂಡಿಲ್ಲ, ಕೇಳಿಲ್ಲ!

ಹೇಳಿಬಿಟ್ಟೆ ವಾಂಗೆಲ್. ನಿನ್ನ ಕಾಗದ ಬಂದ ಮರುದಿನವೇ ಹೋದೆ. ಪ್ರೊಫೆಸರ್ ಮತ್ತು ರಾಲಿತ್ಸಾ ಇಬ್ಬರೂ ಇದ್ದರು. ಟೋಪಿ ತೆಗೆದು, ಮೊದಲ ದಿನ ನಾನು ನಿಮಗೆ ಮೋಸ ಮಾಡಿದೆ, ಅದು ನಡಿಗೆಯಲ್ಲ, ನಟನೆ ಎಂದೆ. ದನಿ ಗದ್ಗದವಾಗಿ ಬಂತು, ಸುಳ್ಳು ಹೇಳಲಾರೆ, ಚೆನ್ನಾಗಿಯೇ ಬಂತು.

ಪ್ರೊಫೆಸರ್ ಎದ್ದು ಬಾಗಿಲ ಕಡೆ ಕೈ ತೋರಿಸಿದರು.

"ಹಾಗಾದ್ರೆ ಈಗ ನಟಿಸಿ ತೋರ್ಸಿ," ಅಂದರು.

"ಈಗಲೇ?"

"ರಾಜನಿಗೆ ಮುಹೂರ್ತ ಬೇಕಾ?"

ಎದೆ ಉಬ್ಬಿಸಿದೆ. ನಿಲುವಂಗಿ ಕೊಡವಿದೆ. ಕಾರಿಡಾರಿನಲ್ಲಿ ಸಿಂಹದ ಹಾಗೆ ಬಂದೆ. ಬಾಗಿಲಿಗೆ ಬಂದೆ. ನಿಂತೆ. ಎದೆ ಉಬ್ಬಿಕೊಂಡೇ ಇದೆ, ಕೈ ಮೇಲಕ್ಕೆತ್ತಿಕೊಂಡೇ ಇದೆ, ಕಾಲು ಮಾತ್ರ ನೆಲದೊಳಗೆ. ರಾಲಿತ್ಸಾ ಬಂದು ತೋಳು ಹಿಡಿದು ದಾಟಿಸಿದಳು.

"ಸ್ತಾಮೆನ್ ಅವರೇ, ನಿಮ್ಮ ನಟನೆ ಮೇಲೆ ನಿಮಗಿರೋ ನಂಬಿಕೆ ನನ್ನ ಯಂತ್ರಕ್ಕಿಲ್ಲ," ಅಂದರು ಪ್ರೊಫೆಸರ್. ಮೊದಲ ದಿನ ನನ್ನನ್ನು ನಡೆಸಿದ್ದು ನಟನೆ ಅಲ್ಲ, ಬೇರೆ ಏನೋ. ಅದೇನೆಂದು ಕಂಡುಹಿಡಿಯದೆ ಯಾರೂ ಮನೆಗೆ ಹೋಗುವಂತಿಲ್ಲ ಎಂದು ಕುರ್ಚಿ ಎಳೆದುಕೊಂಡರು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ನಾನೂ ಒಂದು ಕುರ್ಚಿ ಎಳೆದುಕೊಂಡೆ.

ಎರಡೂ ದಿನದ ಚಿತ್ರವನ್ನು ಪಕ್ಕಪಕ್ಕ ಹಾಕಿ ನೋಡಿದೆವು. ಮಾತ್ರೆ ನುಂಗಿದ ಹೊತ್ತು ಒಂದೇ. ಬೂಟು ಅದೇ. ವಿದ್ಯಾರ್ಥಿಗಳೂ ಅಷ್ಟೇ ಜನ. ನಿಧಾನವಾಗಿ ನೋಡಿದೆವು, ಇನ್ನೂ ನಿಧಾನವಾಗಿ ನೋಡಿದೆವು. ನನ್ನ ಮುಖ ಅಷ್ಟು ಚೆನ್ನಾಗಿ ಬಂದಿದೆ, ಒಬ್ಬರೂ ಅದರ ಕಡೆ ನೋಡಲಿಲ್ಲ. ಎಂಟನೆಯ ಸಲಕ್ಕೆ ರಾಲಿತ್ಸಾ ಚಿತ್ರ ನಿಲ್ಲಿಸಿ ಬೆರಳಿಟ್ಟಳು. ಮೊದಲ ದಿನದ ಹೊಸ್ತಿಲಲ್ಲಿ, ಬಾಗಿಲ ಅಗಲಕ್ಕೂ, ಏನೋ ಹೊಳೆಯುತ್ತಿದೆ. ನನ್ನ ಎಡಗಾಲು ಅದರ ಮುಂದೆ ಏಳುತ್ತದೆ, ಆಚೆ ಇಳಿಯುತ್ತದೆ, ಕೊಚ್ಚೆ ದಾಟುವ ಕುದುರೆಯ ಹಾಗೆ.

"ನೀರು," ಅಂದಳು.

ವಿಭಾಗದ ನೆಲ ಒರೆಸುವ ದೊಬ್ರಾ ಚಿಕ್ಕಮ್ಮನನ್ನು ಕರೆಸಿದರು. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹೌದು, ನಾನೇ ಹಾಕಿದ್ದು. ಹುಡುಗಿ ಮೊದಲ ಸಲ ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕ್ತಾಳೆ. ಹೊಸ್ತಿಲಿಗೆ ನೀರು ಚೆಲ್ಲದೆ ಕಳ್ಸೋಕೆ ನಾನೇನು ಮಲತಾಯಿಯಾ?"

ಪ್ರೊಫೆಸರ್ ಮುಖ ಕೆಂಪಾಯಿತು. ಬೀಳುವ ಕಾಯಿಲೆಯವರನ್ನು ಕರೆಸಿ ಒದ್ದೆ ನೆಲದ ಮೇಲೆ ನಡೆಸಿದ್ದೇವಲ್ಲ, ಹೊರಗೆ ಗೊತ್ತಾದರೆ ಏನು ಗತಿ ಎಂದು ರೇಗಾಡಿದರು. ದೊಬ್ರಾ ಕೇಳಿದ್ದು ಒಂದೇ ಮಾತು: "ಯಾರು ಬಿದ್ರು?"

ಯಾರೂ ಬಿದ್ದಿರಲಿಲ್ಲ. ನೀರು ಒಣಗುವುದರೊಳಗೆ ದಾಟಿದವನು ನಾನೊಬ್ಬನೇ, ಮೊದಲು ಹೋಗುತ್ತೇನೆಂದು ಹಟ ಹಿಡಿದವನು. ಎರಡನೆಯ ಅಳತೆಯ ದಿನ ಆಕೆ ಚೆಲ್ಲಿರಲಿಲ್ಲ. ಶುಭಾರಂಭಕ್ಕೆ ಒಂದೇ ಸಲ. ಆಗ ನನಗೆ ಅಕ್ಕನ ಚೆಂಬೂ ನೆನಪಾಯಿತು. ಆ ದಿನ ಮನೆಯ ಬಾಗಿಲನ್ನೂ ದಾಟಿದ್ದೆನಲ್ಲ!

ದೊಬ್ರಾ ಹೇಳಿಸಿಕೊಳ್ಳದೆ ಚೆಂಬು ತಂದಳು. ಪ್ರೊಫೆಸರ್ ಬೇಡ ಎನ್ನಬೇಕೆಂದು ಬಾಯಿ ತೆರೆದವರು ನಮ್ಮವರ ರೂಢಿಯಂತೆ ತಲೆಯನ್ನು ಅಡ್ಡಕ್ಕೆ ಆಡಿಸಿ ಒಪ್ಪಿಬಿಟ್ಟರು. ಇಬ್ಬರು ವಿದ್ಯಾರ್ಥಿಗಳು ಎರಡೂ ಕಡೆ ನನ್ನ ಸೊಂಟದ ಪಟ್ಟಿ ಹಿಡಿದರು. ನೀರು ಬಿತ್ತು. ನಾನು ಎದೆ ಉಬ್ಬಿಸಲಿಲ್ಲ. ರಾಜನೂ ಆಗಲಿಲ್ಲ. ಸುಮ್ಮನೆ ಬಂದೆ. ಕಾಲು ನೀರನ್ನು ನೋಡಿತು, ಎದ್ದಿತು, ದಾಟಿತು!

ಹದಿಮೂರು ಸೆಕೆಂಡು! ರಾಲಿತ್ಸಾ ಸ್ಟಾಪ್‌ವಾಚ್ ಹಿಡಿದುಕೊಂಡೇ ಕುಣಿದಳು. ದೊಬ್ರಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಇಲ್ಲಿ ಚಪ್ಪಾಳೆ ತಟ್ಟುವ ಹಾಗಿಲ್ಲ ಎಂದಿದ್ದ ಪ್ರೊಫೆಸರ್ ಮಿಲೆವಾ, ಕೈಯಲ್ಲಿದ್ದ ಹಾಳೆಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಟ್ಟಿದರು.

ಆಮೇಲೆ ತಮ್ಮ ಎಂದಿನ ದನಿಗೆ ಬಂದರು. ನೆಲದ ಮೇಲೆ ಅಡ್ಡಗೆರೆ ಎಳೆದರೆ ಇಂಥ ಕಾಲು ಏಳುತ್ತದೆ ಎಂಬುದು ಹಳೆಯ ಪಾಠವಂತೆ. "ನಾನೇ ಇಪ್ಪತ್ತು ವರ್ಷದಿಂದ ಅದನ್ನ ಪಾಠ ಮಾಡ್ತಿದೀನಿ. ನನ್ನ ಹೊಸ್ತಿಲಲ್ಲೇ ಅಡ್ಡಗೆರೆ ಇತ್ತು, ನನಗೆ ಕಾಣ್ಲಿಲ್ಲ. ನೀರು ಚೆಲ್ಲೋದು ನಮಗೆ ಅಷ್ಟು ಮಾಮೂಲು," ಅಂದರು. ಅಳತೆ ಕೆಟ್ಟದ್ದು ಕೆಟ್ಟದ್ದೇ. ನನ್ನ ಹೆಸರು ಹೊಡೆದರು. ಹನ್ನೆರಡು ಹನ್ನೊಂದಾಯಿತು. ರಾಲಿತ್ಸಾಳ ಪದವಿ ಶರತ್ಕಾಲಕ್ಕೆ ಹೋಯಿತು. ಅವಳು ಅಳುತ್ತಾಳೇನೋ ಎಂದು ನೋಡಿದೆ. ಅವಳು ಆಗಲೇ ಹೊಸ ಹಾಳೆಯಲ್ಲಿ ಗೆರೆ ಎಳೆಯುತ್ತಿದ್ದಳು: ಬರಿ ನೆಲ, ಅಂಟುಪಟ್ಟಿ, ನೀರು, ಬೇರೆಯವರು ಹಾಕಿದ ಗೆರೆ, ತಾನೇ ಹಾಕಿಕೊಂಡ ಗೆರೆ.

ನಿನ್ನ ಪುಸ್ತಕದ ಅಂಚಿನ ವಿಷಯ ಅವಳ ಕಿವಿಗೆ ಹಾಕಿದೆ. ಪೆನ್ನು ಕೆಳಗೆ ಬಿತ್ತು.

ಸ್ತಾಮೆನ್


ಪ್ಲೊವ್ದಿವ್
ಏಪ್ರಿಲ್ 15

ಮಾನ್ಯ ವಾಂಗೆಲ್ ಅವರಿಗೆ,

ನನ್ನ ಪರಿಚಯ ನಿಮಗೆ ಸ್ತಾಮೆನ್ ಮಾಮನ ಕಾಗದಗಳಿಂದ ಆಗಿರಬೇಕು. ಅವರು ಬರೆದದ್ದರಲ್ಲಿ ಅರ್ಧದಷ್ಟು ನಂಬಿ. ನಾನು ಕುಣಿಯಲಿಲ್ಲ, ಎರಡು ಸಲ ಹಾರಿದೆ ಅಷ್ಟೆ.

ನಾವು ಅವರ ಹೆಜ್ಜೆಗಳನ್ನು ಅಳೆದದ್ದು ಎರಡು ತಿಂಗಳು. ನೀವು ಎಣಿಸಿದ್ದು ಇಪ್ಪತ್ತಾರು ವರ್ಷ. ಕಾಯಿಲೆ ಗೊತ್ತಾಗುವ ಮುಂಚೆ ಒಬ್ಬ ಮನುಷ್ಯ ಹೇಗೆ ನಡೆಯುತ್ತಿದ್ದ ಎಂಬುದು ನಮ್ಮ ಕೈಗೆ ಸಿಗುವುದೇ ಇಲ್ಲ, ಏಕೆಂದರೆ ಆಗ ಯಾರೂ ಅಳೆದಿರುವುದಿಲ್ಲ. ಅದೇ ನಾಟಕ, ಅದೇ ಬಾಗಿಲು, ಅದೇ ಮೇಜು, ವರ್ಷ ವರ್ಷವೂ ಎಣಿಸಿದ ಹೆಜ್ಜೆ! ಇದನ್ನು ಪ್ರೊಫೆಸರ್‌ಗೆ ಹೇಳಿದೆ. ಒಬ್ಬರ ಕಾಲಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವರು ಎಚ್ಚರಿಸಿದರು. ಆದರೆ ಒಬ್ಬರ ಕಾಲಿನಿಂದ ಒಂದು ಒಳ್ಳೆಯ ಪ್ರಶ್ನೆ ಹುಟ್ಟಬಹುದು ಎಂದೂ ಅಂದರು. ಮೇ 17ರ ವಿದ್ಯಾರ್ಥಿ ಸಂಶೋಧನಾ ಸಭೆಯಲ್ಲಿ ಇದನ್ನು ಮಂಡಿಸಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮಾಮ ಒಪ್ಪಿ ಸಹಿ ಹಾಕಿದ್ದಾರೆ.

ಪುಸ್ತಕಗಳನ್ನು ಕಳಿಸಿಕೊಡುವಿರಾ? ಜೋಪಾನವಾಗಿ ಮರಳಿಸುತ್ತೇನೆ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಮಾಮನ ದನಿ ಕಾರಿಡಾರಿನ ಆ ತುದಿಗೂ ಕೇಳುತ್ತದೆ. ನಿಮ್ಮ ಹೆಸರು ಬಂದಾಗ ಮಾತ್ರ ನಾವು ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕು.

ವಂದನೆಗಳೊಂದಿಗೆ,
ರಾಲಿತ್ಸಾ


ಸ್ಮೋಲ್ಯಾನ್
ಮೇ 6

ಸ್ತಾಮೆನ್,

ನಿನ್ನ ಹುಡುಗಿಗೆ ಹೇಳು, ಪುಸ್ತಕ ಅಂಚೆಯಲ್ಲಿ ಬರುವುದಿಲ್ಲ. ಅಂಚೆಯವರನ್ನು ನಾನು ನಂಬುವುದಿಲ್ಲ. ನನ್ನ ಅಕ್ಷರ ನಾನಲ್ಲದೆ ಯಾರೂ ಓದಲಾರರು. ನಾನೇ ತರುತ್ತೇನೆ. ಮೇ 16, ಗುರುವಾರ ಬೆಳಗಿನ ಬಸ್ಸು. ಹತ್ತೂವರೆಗೆ ಅಲ್ಲಿರುತ್ತದೆ.

ಅಟ್ಟದಿಂದ ಇಳಿಸಿ ನೋಡಿದೆ. ರಾಜನ ನಾಟಕ ಹನ್ನೊಂದು ಚಳಿಗಾಲ ಆಡಿದೆವು. ಬಾಗಿಲಿಂದ ಮೇಜಿಗೆ ಎಂಟು ವರ್ಷ ಆರು ಹೆಜ್ಜೆ. ಒಂಬತ್ತನೆಯ ವರ್ಷ ಏಳು. ಹತ್ತನೆಯ ವರ್ಷ ಒಂಬತ್ತು. ಪಕ್ಕದಲ್ಲಿ "ಎಡ ಹಿಮ್ಮಡಿ" ಎಂದು ಬರೆದಿದ್ದೇನೆ. ಹನ್ನೊಂದನೆಯದರ ಮುಂದೆ ಏನೂ ಇಲ್ಲ. ಬರೆಯುವ ಮೊದಲೇ ನೀನು ಕೂಗಿದೆ.

ಒಂಬತ್ತು ಎಂದು ಬರೆದ ದಿನವೇ ನಿನ್ನನ್ನು ಪಕ್ಕಕ್ಕೆ ಕರೆದು ಹೇಳಬೇಕಿತ್ತು. ನೀನು ರೇಗುತ್ತೀ ಎಂದು ಸುಮ್ಮನಿದ್ದೆ. ಮಾತು ಎತ್ತಿಕೊಡುವವನು ಒಂದು ಮಾತು ನುಂಗಿಕೊಂಡಿದ್ದೆ. ಅದು ನನ್ನ ಲೆಕ್ಕ, ನನ್ನದೇ.

ಬಸ್ಸಿನ ಹತ್ತಿರ ಯಾರೂ ಬರುವುದು ಬೇಡ. ದಾರಿ ನನಗೆ ಗೊತ್ತು.

ವಾಂಗೆಲ್


ಪ್ಲೊವ್ದಿವ್
ಮೇ 15

ಮಹಾಜನಗಳೇ, ರಸಿಕರೇ, ಇದು ಕೊನೆಯ ಅಂಕ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನೀನೇ ಬರುತ್ತಿರುವಾಗ ಇದು ಎದುರು ದಿಕ್ಕಿಗೆ ಪ್ರಯಾಣ ಮಾಡಿ ಏನು ಫಲ? ಕೋಟಿನ ಒಳಜೇಬಿನಲ್ಲಿರುತ್ತದೆ.

ಇವತ್ತು ಬೆಳಿಗ್ಗೆ ಕೊನೆಯ ಪರೀಕ್ಷೆ ಮಾಡಿದರು. ಬರಿ ನೆಲದ ಮೇಲೆ ಮೂವತ್ತೆಂಟು ಸೆಕೆಂಡು. ಅಂಟುಪಟ್ಟಿಗೆ ಹದಿನೆಂಟು. ದೊಬ್ರಾ ಚೆಲ್ಲಿದ ನೀರಿಗೆ ಹದಿನಾಲ್ಕು. ಆಮೇಲೆ ರಾಲಿತ್ಸಾ ಚೆಂಬನ್ನು ನನ್ನ ಕೈಗೇ ಕೊಟ್ಟು, ಈಗ ನೀವೇ ಹಾಕಿಕೊಂಡು ದಾಟಿ ಅಂದಳು. ಹಾಕಿದೆ. ದಾಟಿದೆ. ಹನ್ನೊಂದು ಸೆಕೆಂಡು! ಹನ್ನೊಂದು, ವಾಂಗೆಲ್! ಗಡಿಯಾರ ಕೆಟ್ಟಿದೆಯೇನೋ ಎಂದು ಪ್ರೊಫೆಸರ್ ಅಲ್ಲಾಡಿಸಿ ನೋಡಿದರು. ಮೂರು ಸಲ ಮಾಡಿಸಿದರು. ಹನ್ನೊಂದು, ಹನ್ನೆರಡು, ಹನ್ನೊಂದು. ಏಕೆ ಹೀಗೆ ಎಂದು ಕೇಳಿದೆ. "ಗೊತ್ತಿಲ್ಲ," ಅಂದರು. ಇಷ್ಟು ಸಂತೋಷದಿಂದ ಗೊತ್ತಿಲ್ಲ ಎಂದವರನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಬರುವ ವರ್ಷ ಇಪ್ಪತ್ತು ಜನರ ಮೇಲೆ ಇದನ್ನೇ ಅಳೆಯುತ್ತಾರಂತೆ, ಒದ್ದೆಯಾಗದ, ಜಾರದ ಗೆರೆ ಒಂದನ್ನು ಹುಡುಕಿ. ರಾಲಿತ್ಸಾ ಆ ಕೆಲಸಕ್ಕೆ ವಿಭಾಗದಲ್ಲೇ ಉಳಿಯುತ್ತಾಳೆ.

ಅಕ್ಕ ಚೀಸು ತುಂಬಿದ ಬಾನಿತ್ಸಾ ಬೇಯಿಸಲು ಹಿಟ್ಟು ಕಲಸಿದ್ದಾಳೆ. ನಾಳೆ ನನ್ನನ್ನು ತಳ್ಳಬೇಡ, ನೀರನ್ನೂ ಚೆಲ್ಲಬೇಡ, ಚೆಂಬು ತುಂಬಿಸಿ ಬಾಗಿಲ ಬಳಿ ಇಡು ಸಾಕು ಎಂದು ಅವಳಿಗೆ ಹೇಳಿದ್ದೇನೆ. ಬಸ್ಸಿನ ಹತ್ತಿರ ಯಾರೂ ಬರುವುದು ಬೇಡ ಎಂದು ನೀನು ಬರೆದದ್ದನ್ನು ಓದಿದೆ. ಓದಿ ಮಡಿಚಿಟ್ಟೆ.

ಇಪ್ಪತ್ತಾರು ವರ್ಷ ನಾನು ಆಡಿದ ಒಂದೊಂದು ಮಾತನ್ನೂ ನನಗಿಂತ ಮೊದಲು ನೀನು ಕತ್ತಲಲ್ಲಿ ಕೂತು ಆಡಿದ್ದೀಯೆ. ಒಂದು ಮಾತು ಮಾತ್ರ ನಾಲ್ಕು ವರ್ಷದಿಂದ ನನ್ನ ಬಾಯಲ್ಲೇ ನಿಂತಿದೆ, ಬಾಗಿಲಲ್ಲಿ ಕಾಲು ನಿಂತ ಹಾಗೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೋಡಿ ಓದಿದಂತಾಗುತ್ತದೆ. ಬಸ್ಸಿನ ಬಾಗಿಲು ತೆರೆದಾಗ, ಪುಸ್ತಕದ ಗಂಟು ಹೊತ್ತುಕೊಂಡು ನೀನು ಇಳಿಯುವಾಗ, ನನ್ನ ತುಟಿ ತಡವರಿಸಿದರೂ ನೀನು ಎತ್ತಿಕೊಡಬೇಡ. ಜನ ನಕ್ಕರೆ ನಗಲಿ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನು ಹೊಸ್ತಿಲಿಗೆ ನೀರು ಚೆಲ್ಲಿ, ದಾಟಿ, ನಿಲ್ದಾಣಕ್ಕೆ ನಡೆದು ಬಂದು, ಸ್ಮೋಲ್ಯಾನ್ ಬಸ್ಸಿನ ಮುಂದೆ ನಿಂತು, ಆ ಮಾತನ್ನು ನಿನಗಿಂತ ಮೊದಲು ಹೇಳುತ್ತೇನೆ.

ನಿನ್ನ,
ಸ್ತಾಮೆನ್